ರಾಯಚೂರು ಬಿಸಿಲಿಗೆ ಯಾವ ಕೂಲಿಂಗ್ ಗ್ಲಾಸ್? ನೂರೈವತ್ತರದ್ದಾ, ಎರಡೂವರೆ ಸಾವಿರದ್ದಾ?

ದೋಆಬ್_ಸವಾರ (ರಾಯಚೂರು)
ಎಲ್ಲರಿಗೂ ನಮಸ್ಕಾರ. ನಂದು ಗೊಬ್ಬರ, ಔಷಧ ಮಾರೋ ಫೀಲ್ಡ್ ಕೆಲಸ. ಮಾನ್ವಿ, ಸಿರವಾರ, ದೇವದುರ್ಗ ಅಂತ ದಿನಾ ಬೈಕ್ ಮ್ಯಾಲೇ. ಎಡಗಣ್ಣಾಗ ಮೂಗಿನ ಕಡಿ ಮೂಲ್ಯಾಗ ಸಣ್ಣಗೆ ಕೆಂಪು ಪದರ ಬಂದದ. ಡಾಕ್ಟರ್ ನೋಡಿ, "ಮಾಂಸ ಬೆಳಿಯಾಕ ಶುರುವಾಗ್ಯದ, ಈಗೇ ಆಪರೇಷನ್ ಬ್ಯಾಡ, ಬಿಸಿಲಿಗೆ ಧೂಳಿಗೆ ಒಳ್ಳೆ ಕೂಲಿಂಗ್ ಗ್ಲಾಸ್ ಹಾಕ್ರಿ" ಅಂದ್ರು. ಒಳ್ಳೇದು ಅಂದ್ರ ಯಾವ್ದು ಅಂತ ಕೇಳೋದ್ರೊಳಗ ಮುಂದಿನ ಪೇಷಂಟ್ ಬಂದು ಕುಂತುಬಿಟ್ರು.
ತೀನ್ ಕಂದಿಲ್ ಕಡೆ ರೋಡ್ ಮ್ಯಾಲ 150ಕ್ಕ ಸಿಗ್ತಾವ. ಎಲ್ಲಾದಕ್ಕೂ "ಯುವಿ 400" ಅಂತ ಸ್ಟಿಕರ್ ಅದ. ಅಂಗಡ್ಯಾಗ ಕೇಳಿದ್ರ ಪೋಲರೈಸ್ಡ್ ತಗೋರಿ, 2,500 ಅಂತಾರ. ನೋಡಾಕ ಎರಡೂ ಅಷ್ಟೇ ಕಪ್ಪು. ಫರಕ್ ಏನು, ಗೊತ್ತಿದ್ದವ್ರು ಹೇಳ್ರಿ. ನಂಬರ್ ಏನೂ ಇಲ್ಲ ನನಗ.

ಕೋಟೆ_ಕೆಳಗಿನವ (ಬಳ್ಳಾರಿ)
ಅಣ್ಣಾ, ಜಾಸ್ತಿ ಕಪ್ಪಗಿರೋದು ಯಾವ್ದೋ ಅದನ್ನ ತಗೋ, ಮುಗೀತು. ನಮ್ಮೂರಾಗೆ ಇರೋವು ಎರಡೇ ಕಾಲ, ಬ್ಯಾಸಿಗಿ ಮತ್ತೆ ಭಾರೀ ಬ್ಯಾಸಿಗಿ. ಕಣ್ಣು ಬಿಡಾಕೆ ಆದ್ರೆ ಸಾಕು.

ಚಷ್ಮಾ_ಅಂಗಡಿ (ಗಂಗಾವತಿ)
ಕೋಟೆ ಅಣ್ಣ ಹೇಳಿದ್ದನ್ನ ಮಾತ್ರ ಮಾಡಬ್ಯಾಡ್ರಿ. ನನ್ನ ಅಂಗಡಿಗೆ ಬರೋರು ನೂರಕ್ಕೆ ತೊಂಬತ್ತು ಜನ ಇದನ್ನೇ ಕೇಳ್ತಾರ: "ಇನ್ನೂ ಕಪ್ಪಿಂದು ತೋರಿಸ್ರಿ".

ಕಪ್ಪು ಬಣ್ಣ ತಡೆಯೋದು ಕಣ್ಣಿಗೆ ಕಾಣೋ ಬೆಳಕನ್ನ. ಕಣ್ಣು ಕೆಡಿಸೋ ಯುವಿ ಕಿರಣ ಕಾಣೋದೇ ಇಲ್ಲ. ಬೆಳಕಿನ ಅಲೆ ಉದ್ದ ಅಳಿಯೋ ಲೆಕ್ಕದಾಗ 400 ನ್ಯಾನೋಮೀಟರ್‌ಗಿಂತ ಕೆಳಗಿನದ್ದು ಅದು. 315ರಿಂದ 400ರವರೆಗಿನದ್ದು ಯುವಿ-ಎ, 280ರಿಂದ 315ರವರೆಗಿನದ್ದು ಯುವಿ-ಬಿ. ಅದಕ್ಕೂ ಕೆಳಗಿನ ಯುವಿ-ಸಿ ಓಝೋನ್ ಪದರದಾಗೇ ನಿಂತುಬಿಡ್ತೈತಿ, ನಮ್ಮ ತನಕ ಬರಂಗಿಲ್ಲ. "ಯುವಿ 400" ಅಂದ್ರ 400ರ ತನಕ ಎಲ್ಲಾ ತಡಿತೈತಿ ಅಂತ ಅರ್ಥ. ಆ ಗುಣ ಲೆನ್ಸಿನ ಪ್ಲಾಸ್ಟಿಕ್‌ನಾಗ, ಇಲ್ಲಾ ಅದರ ಕೋಟಿಂಗ್‌ನಾಗ ಇರ್ತೈತಿ. ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಾಲಿಕಾರ್ಬೋನೇಟ್ ಅನ್ನೋ ಪ್ಲಾಸ್ಟಿಕ್‌ನ ಲೆನ್ಸ್ ನೀರಿನಂಗ ತಿಳಿ ಇದ್ರೂ ಯುವಿ ಬಿಡಂಗಿಲ್ಲ.

ಯುವಿ ತಡೀದೇ ಬರೇ ಕಪ್ಪಗಿರೋ ಗ್ಲಾಸ್ ಹಾಕ್ಕೊಂಡ್ರ ಏನಾಗ್ತೈತಿ? ಬಿಸಿಲಿಗೆ ಹೋದ ಕೂಡ್ಲೆ ನಾವು ಕಣ್ಣು ಕಿರಿದು ಮಾಡ್ತೀವಿ, ಪಾಪೆನೂ ಸಣ್ಣದಾಗ್ತೈತಿ. ಅದು ದೇವರು ಕೊಟ್ಟ ಕಾವಲು. ಕಪ್ಪು ಗ್ಲಾಸ್ ಹಿಂದ ಕತ್ತಲಿ ಐತಿ ಅಂತ ತಿಳ್ಕೊಂಡು ರೆಪ್ಪೆ ಅಗಲ ಆಗ್ತೈತಿ, ಪಾಪೆ ದೊಡ್ಡದಾಗ್ತೈತಿ. ಅಂಥಾ ಗ್ಲಾಸಿಗಿಂತ ಖಾಲಿ ಕಣ್ಣೇ ಮೇಲು.

ಆದ್ರ 150ರದ್ದು ಅಂದ ಕೂಡ್ಲೆ ಯುವಿ ತಡಿಯಂಗಿಲ್ಲ ಅಂತ ನಾನು ಹೇಳಂಗಿಲ್ಲ. ಜನ ತಂದು ನನ್ನ ಮೀಟರ್ ಮ್ಯಾಲೆ ಇಟ್ಟಿದ್ರಾಗ ಸುಮಾರು ಪಾಸ್ ಆಗ್ಯಾವ. ಕೆಲವು ಪೂರಾ ಫೇಲ್. ತೊಂದ್ರಿ ಏನಂದ್ರ, ಹೊರಗಿಂದ ನೋಡಿದ್ರ ಯಾವ್ದು ಪಾಸು ಯಾವ್ದು ಫೇಲು ಗೊತ್ತಾಗಂಗಿಲ್ಲ. ಸ್ಟಿಕರ್ ಅನ್ನೋದು ರೋಲ್ ಲೆಕ್ಕದಾಗ ಸಿಗ್ತೈತಿ.

ಕೋಟೆ_ಕೆಳಗಿನವ (ಬಳ್ಳಾರಿ)
ಮತ್ತೆ ಆ ನೀಲಿ ಲೈಟ್ ಹೊಡೆದು ಕಾರ್ಡ್ ಮ್ಯಾಲೆ ತೋರಿಸ್ತಾರಲ್ಲ, ಅದು?

ಚಷ್ಮಾ_ಅಂಗಡಿ (ಗಂಗಾವತಿ)
ಅದು ಬ್ಲೂ ಕಟ್, ಅಂದ್ರ ನೀಲಿ ಬೆಳಕು ತಡಿಯೋ ಲೆನ್ಸ್ ಮಾರೋ ಆಟ. ಆ ಪೆನ್ ಲೈಟ್ ಹೆಚ್ಚಾಗಿ 405 ನ್ಯಾನೋಮೀಟರ್‌ದು, ಅಂದ್ರ ಯುವಿ ಗಡಿ ದಾಟಿದ ನೇರಳೆ ಬೆಳಕು. ಒಳ್ಳೆ ಯುವಿ 400 ಲೆನ್ಸೂ ಅದನ್ನ ಬಿಡಬಹುದು. ಬಿಟ್ರ ಲೆನ್ಸ್ ಕೆಟ್ಟದು ಅಂತಲ್ಲ. ಅಂಗಡ್ಯಾಗ ಯುವಿ ಮೀಟರ್ ಕೇಳ್ರಿ. ಸಣ್ಣ ಡಬ್ಬಿ ಇರ್ತೈತಿ, ಸಂದಿನಾಗ ಲೆನ್ಸ್ ಇಟ್ರ ಎಷ್ಟು ಪರ್ಸೆಂಟ್ ಒಳಗ ಹೋಗ್ತೈತಿ ಅಂತ ಅಂಕಿ ಬರ್ತೈತಿ. ಸೊನ್ನೆ ಹತ್ರ ಬರಬೇಕು. ಚಷ್ಮಾ ತಗೊಳ್ದಿದ್ರೂ ಬಹಳ ಮಂದಿ ಪುಕ್ಕಟೆ ನೋಡಿಕೊಡ್ತಾರ.

ಗಲ್ಲಾಪೆಟ್ಟಿಗೆ (ಸಿಂಧನೂರು)
ಮೀಟರ್ ಇಲ್ಲದವ್ರಿಗೆ ಒಂದು ಉಪಾಯ. ಖೋಟಾ ನೋಟು ನೋಡಾಕ ನಮ್ಮ ಗಲ್ಲಾದಾಗ ಯುವಿ ಟಾರ್ಚ್ ಇರ್ತದ. ನೋಟಿನ ನಂಬರ್ ಇರೋ ಜಾಗದ ಶಾಯಿ ಆ ಲೈಟಿಗೆ ಹೊಳೀತದ, ಕಾಗದದಾಗಿನ ಸಣ್ಣ ಎಳೆನೂ ಮಿಂಚ್ತಾವ. ಅಂಗಡಿ ಶಟರ್ ಅರ್ಧ ಇಳಿಸಿ ಕತ್ತಲಿ ಮಾಡಿ, ಟಾರ್ಚಿಗೂ ನೋಟಿಗೂ ನಡುವ ಗ್ಲಾಸ್ ಹಿಡೀರಿ. ನಂಬರಿನ ಹೊಳಪು ಸತ್ತು ಹೋತಂದ್ರ ಲೆನ್ಸ್ ಯುವಿ ತಡೀಲಿಕತ್ತದ. ಹಂಗೇ ಹೊಳೀತಿದ್ರ ಆ ಗ್ಲಾಸ್ ಹುಡುಗರ ಆಟಕ್ಕ ಕೊಟ್ಟುಬಿಡ್ರಿ.

ಚಷ್ಮಾ_ಅಂಗಡಿ (ಗಂಗಾವತಿ)
ಗಲ್ಲಾ ಅಣ್ಣ, ಮಕ್ಕಳಿಗೂ ಕೊಡಬ್ಯಾಡ್ರಿ! ಉಳಿದದ್ದು ಸರಿ. ಒಂದು ಮಾತು ಸೇರಿಸ್ತೀನಿ: ಅಗ್ಗದ ಟಾರ್ಚ್ 395ರ ಆಸುಪಾಸಿಂದು, ಕಣ್ಣಿಗೆ ಕಾಣೋ ನೇರಳೆನೂ ಜೊತಿಗೆ ಬರ್ತೈತಿ. ಗ್ಲಾಸಿನ ಬಣ್ಣಕ್ಕೇ ಹೊಳಪು ಸ್ವಲ್ಪ ಮಂಕಾಗ್ತೈತಿ. ಅರ್ಧಮರ್ಧ ಹೊಳೀತಿದ್ರ ನಂಬಬ್ಯಾಡ್ರಿ, ಮೀಟರಿಗೆ ಹೋಗ್ರಿ. ಟಾರ್ಚನ್ನ ಕಣ್ಣಿಗೆ ಹಿಡಿಯೋದಂತೂ ಬ್ಯಾಡೇ ಬ್ಯಾಡ.

ನೇತ್ರ_ಶಿಬಿರ (ಲಿಂಗಸುಗೂರು)
ನಾನು ಕಣ್ಣಿನ ವಿಭಾಗದಲ್ಲಿ ಸಹಾಯಕಿಯಾಗಿ ಕೆಲಸ ಮಾಡ್ತೀನಿ, ಹಳ್ಳಿ ಶಿಬಿರಗಳಿಗೆ ಹೋಗ್ತಿರ್ತೀನಿ. ಸವಾರ ಅವರೇ, ನಿಮ್ಮ ಕಣ್ಣಿಗೆ ಯುವಿ ನಂಬರ್ ಎಷ್ಟು ಮುಖ್ಯವೋ ಫ್ರೇಮ್ ಆಕಾರನೂ ಅಷ್ಟೇ ಮುಖ್ಯ. ಇದನ್ನ ಅಂಗಡಿಯವರು ಹೇಳೋದು ಕಡಿಮೆ.

ಮಾಂಸ ಬೆಳೆಯೋದು ಯಾಕೆ ಯಾವಾಗಲೂ ಮೂಗಿನ ಕಡೆಗೇ ಜಾಸ್ತಿ? ಕಿವಿ ಕಡೆಯಿಂದ ಓರೆಯಾಗಿ ಬರೋ ಬೆಳಕು ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ತಿಳಿ ಪದರ) ಬಾಗಿ ಮೂಗಿನ ಬದಿಯ ಅಂಚಲ್ಲಿ ಹೋಗಿ ಒಟ್ಟಾಗುತ್ತೆ, ಭೂತಗನ್ನಡಿಯಿಂದ ಕಾಗದ ಸುಟ್ಟ ಹಾಗೆ. ಮೂಗಿನ ಕಡೆಯಿಂದ ಬರೋ ಬೆಳಕಿಗೆ ಮೂಗೇ ಅಡ್ಡ ಇರೋದ್ರಿಂದ ಕಿವಿ ಬದಿಯ ಅಂಚಿಗೆ ಇದೇ ಪೆಟ್ಟು ಅಷ್ಟು ಬೀಳಲ್ಲ. ಹಾಗಾಗಿ ಮುಂದಿನಿಂದ ಮಾತ್ರ ಮುಚ್ಚೋ ಸಣ್ಣ ದುಂಡು ಗ್ಲಾಸ್ ನಿಮಗೆ ಉಪಯೋಗ ಇಲ್ಲ. ಬದಿಗೂ ಸುತ್ತಿಕೊಂಡಿರೋದು, ಹುಬ್ಬಿಗೆ ಹತ್ತಿರ ಕೂರೋದು ನೋಡಿ. ಹಾಕಿಕೊಂಡು ಕನ್ನಡಿ ಮುಂದೆ ನಿಂತು ತಲೆ ಸ್ವಲ್ಪ ತಿರುಗಿಸಿ. ಕಿವಿ ಬದಿಯಿಂದ ಕಣ್ಣು ಪೂರ್ತಿ ಕಾಣ್ತಿದ್ರೆ ಬಿಸಿಲಿಗೂ ಧೂಳಿಗೂ ಅದೇ ಬಾಗಿಲು.

ಇನ್ನೊಂದು. ನಮ್ಮಲ್ಲಿ ಮೇ ಮೊದಲ ವಾರ ಮಧ್ಯಾಹ್ನ ಸೂರ್ಯ ನೇರ ನೆತ್ತಿ ಮೇಲೆ ಬರ್ತಾನೆ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಯುವಿ ಸೂಚ್ಯಂಕ 11 ದಾಟುತ್ತೆ. ವಿಶ್ವ ಆರೋಗ್ಯ ಸಂಸ್ಥೆ 11 ಮತ್ತು ಅದಕ್ಕಿಂತ ಮೇಲಿನದ್ದನ್ನ ಅತಿ ತೀವ್ರ ಅಂತ ಕರೆಯುತ್ತೆ. ಆದ್ರೆ ನೆತ್ತಿ ಮೇಲಿನ ಸೂರ್ಯನಿಗೆ ಹುಬ್ಬು, ಟೋಪಿ ಅಡ್ಡ ಬರ್ತವೆ. ಬೆಳಿಗ್ಗೆ ಒಂಬತ್ತು, ಸಂಜೆ ನಾಲ್ಕರ ಸೂರ್ಯ ಮುಖಕ್ಕೇ ಹೊಡೀತಾನೆ. ನೀವು ಬೈಕಲ್ಲಿ ಹೋಗೋದೂ ಅದೇ ಹೊತ್ತಿಗೆ. "ಹತ್ತು ಗಂಟೆ ಆಗ್ಲಿ, ಆಮೇಲೆ ಹಾಕ್ಕೊಂಡ್ರಾಯ್ತು" ಅನ್ನಬೇಡಿ.

ಹೆಲ್ಮೆಟ್ ವೈಸರ್ ಪಾಲಿಕಾರ್ಬೋನೇಟ್ ಆಗಿದ್ರೆ ಮುಚ್ಚಿದಾಗ ಯುವಿ ಬಹುಪಾಲು ಅಲ್ಲೇ ನಿಲ್ಲುತ್ತೆ. ಆದ್ರೆ ಈ ಸೆಕೆಯಲ್ಲಿ ಯಾರು ಮುಚ್ಕೋತಾರೆ ಹೇಳಿ.

ಹಳೇಬೇರು (ಕುಷ್ಟಗಿ)
ಇಷ್ಟೆಲ್ಲಾ ಯಾಕ್ರೀ? ನಮ್ಮಜ್ಜ ಎಂಬತ್ತೈದರ ತನಕ ಹೊಲದಾಗ ದುಡದ. ಒಂದ್ ಚಷ್ಮಾ ಕಂಡಿದ್ದಿಲ್ಲ. ಇದೆಲ್ಲಾ ಕಂಪನಿಯವ್ರು ಹುಟ್ಟಿಸಿದ ಅಂಜಿಕಿ.

ನೇತ್ರ_ಶಿಬಿರ (ಲಿಂಗಸುಗೂರು)
ಅಜ್ಜನವರು ರುಮಾಲು ಸುತ್ತಿಕೊಳ್ತಿದ್ರಲ್ವಾ? ಅಗಲ ಅಂಚಿನ ಟೋಪಿಯೇ ಕಣ್ಣಿಗೆ ಬೀಳೋ ಯುವಿಯನ್ನ ಸುಮಾರು ಅರ್ಧಕ್ಕೆ ಇಳಿಸುತ್ತೆ. ಹಣೆ ಮೇಲೆ ಮುಂದಕ್ಕೆ ಬಂದ ರುಮಾಲಿನ ಅಂಚೂ ಅಷ್ಟಿಷ್ಟು ಕೆಲಸ ಮಾಡುತ್ತೆ. ಉರಿಬಿಸಿಲಲ್ಲಿ ಬೇವಿನ ಮರದ ಕೆಳಗೆ ಮಲಗ್ತಿದ್ರು. ಅವರಿಗೆ ಗೊತ್ತಿದ್ದ ರಕ್ಷಣೆ ಅದು.

ಆದ್ರೂ ಅಜ್ಜನ ವಾರಿಗೆಯವರನ್ನ ಶಿಬಿರದಲ್ಲಿ ಸಾಲಾಗಿ ಕೂರಿಸಿ ನೋಡಿದ್ರೆ ಪೊರೆ ಇಲ್ಲದವರು ಸಿಗೋದು ಕಷ್ಟ. 2015ರಿಂದ 2019ರವರೆಗಿನ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ 50 ದಾಟಿದವರ ಕುರುಡಿಗೆ ಕಾರಣ ಪೊರೆ ಅಂತ ಬಂದಿದ್ದು 66.2 ಪರ್ಸೆಂಟ್. ಎಲ್ಲಾ ಬಿಸಿಲಿನ ತಪ್ಪಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ, ಸ್ಟೀರಾಯ್ಡ್ ಎಲ್ಲಾ ಸೇರಿವೆ. ಬಿಸಿಲಿನ ಪಾಲು ಎಷ್ಟು ಅಂತ ಕೆದಕಿದ ಒಂದು ಹಳೇ ಅಧ್ಯಯನ ನನಗೆ ಬಹಳ ಇಷ್ಟ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ದೋಣಿ ಮೇಲೆ ದುಡಿಯೋ 838 ಜನರನ್ನ ನೋಡಿ 1988ರಲ್ಲಿ ಪ್ರಕಟಿಸಿದ್ದು. ಯಾರು ಎಷ್ಟು ವರ್ಷ ಬಿಸಿಲಲ್ಲಿದ್ರು, ಟೋಪಿ ಹಾಕ್ತಿದ್ರಾ, ಕನ್ನಡಕ ಹಾಕ್ತಿದ್ರಾ ಅಂತ ಒಬ್ಬೊಬ್ಬರ ಲೆಕ್ಕ ಹಾಕಿದ್ರು. ಜೀವಮಾನದ ಯುವಿ-ಬಿ ಎರಡು ಪಟ್ಟಾದ್ರೆ ಒಂದು ಜಾತಿಯ ಪೊರೆ ಬರೋ ಅಪಾಯ 1.6 ಪಟ್ಟು ಆಗಿತ್ತು. ಅವರು ಚಷ್ಮಾ ಮಾರೋರಲ್ಲ.

ಹಳೇಬೇರು (ಕುಷ್ಟಗಿ)
ಅಜ್ಜಗ ಆಪರೇಷನ್ ಆಗಿತ್ತು ಅನ್ನೋದು ಖರೆ. ಎರಡೂ ಕಣ್ಣಿಗೆ. ಆದ್ರ ಅದು ವಯಸ್ಸಿಗೆ ಅಂತ ನನ್ನ ವಾದ.

ಕೆಂಪುಮಣ್ಣು (ಸಂಡೂರು)
ನಾನು ಬಿಸಿಲಿಗೆ ಹೋದ್ರೆ ತಾನೇ ಕಪ್ಪಾಗೋ ಲೆನ್ಸ್ ಹಾಕಿಸ್ಕೊಂಡೀನಿ. ಚಳಿಗಾಲದಾಗೆ ಬೆಳಿಗ್ಗೆ ಚೆನ್ನಾಗಿ ಕಪ್ಪಾಗುತ್ತೆ. ಏಪ್ರಿಲ್ ಬಂದ್ರೆ ಅರ್ಧಂಬರ್ಧ. ಕಾರಾಗೆ ಕುಂತ್ರೆ ಆಗೋದೇ ಇಲ್ಲ. ಮೋಸ ಹೋದ್ನಾ?

ಚಷ್ಮಾ_ಅಂಗಡಿ (ಗಂಗಾವತಿ)
ಮೋಸ ಅಲ್ಲ ಸರ್, ಅದರ ಗುಣಾನೇ ಹಂಗ. ಯುವಿ ಬಿದ್ದಾಗ ಲೆನ್ಸ್ ಒಳಗಿನ ಬಣ್ಣದ ಕಣ ಆಕಾರ ಬದಲಾಯಿಸಿ ಕಪ್ಪಾಗ್ತಾವ. ಕಾವು ಅದನ್ನ ವಾಪಸ್ ತಿಳಿ ಮಾಡ್ತೈತಿ. ನಮ್ಮ 42 ಡಿಗ್ರ್ಯಾಗ ಎರಡೂ ಒಟ್ಟಿಗೆ ನಡೀತಾವ. ತಂಪು ದೇಶದವ್ರಿಗೆ ಸಿಗೋ ಕಪ್ಪು ನಮಗ ಸಿಗಂಗಿಲ್ಲ. ಕಾರಿನ ಮುಂದಿನ ಗಾಜು ಯುವಿ ತಡಿಯೋದ್ರಿಂದ ಒಳಗ ಲೆನ್ಸ್‌ಗೆ ಸೂಚನೆ ಬರೋದೇ ಇಲ್ಲ. ಬದಿ ಗಾಜು ಅಷ್ಟು ಪಕ್ಕಾ ಅಲ್ಲ, ಯುವಿ-ಎ ಒಂದಿಷ್ಟು ಬರ್ತೈತಿ. ಕಪ್ಪಾಗದಿದ್ರೂ ಆ ಲೆನ್ಸ್ ಯುವಿ ತಡೀತಿರ್ತೈತಿ, ನಿಶ್ಚಿಂತಿಯಿಂದ ಇರ್ರಿ. ಸಂಡೂರು ಅದಿರಿನ ಧೂಳು ಪ್ಲಾಸ್ಟಿಕ್‌ಗಿಂತ ಗಟ್ಟಿ. ಅಂಗಿ ಚುಂಗಿಲೆ ಒಣಾ ಒರೆಸಿದ್ರ ಗೀರು ಗ್ಯಾರಂಟಿ. ಮೊದಲು ನೀರು ಹಾಕಿ ತೊಳೀರಿ.

ಸವಾರ ಅಣ್ಣನ ಪೋಲರೈಸ್ಡ್ ಪ್ರಶ್ನೆ ಉಳೀತು. ಡಾಂಬರು, ನೀರು, ಕಾರಿನ ಬಾನೆಟ್ ಇಂಥಾ ಅಡ್ಡ ಮೈ ಮ್ಯಾಲಿಂದ ಚಿಮ್ಮಿ ಬರೋ ಪ್ರಖರ ಹೊಳಪನ್ನ ಅದು ಕತ್ತರಿಸ್ತೈತಿ. ಮಸ್ಕಿ ರೋಡಿನಾಗ ಮಧ್ಯಾಹ್ನ ಹಾಕ್ಕೊಂಡು ನೋಡ್ರಿ, ಕಣ್ಣಿಗೆ ಸುಖ. ಆದ್ರ ಅದು ಸುಖದ ಲೆಕ್ಕ. ಪೋಲರೈಸ್ಡ್ ಅಂದ ಮಾತ್ರಕ್ಕ ಯುವಿ ತಡಿತೈತಿ ಅಂತಲ್ಲ, ಬೇರೇನೇ ಕೇಳಬೇಕು. ಮೊಬೈಲ್ ಮ್ಯಾಪ್ ಒಂದು ಕೋನಕ್ಕ ಪೂರಾ ಕಪ್ಪಾಗಿ ಕಾಣ್ತೈತಿ, ಪೆಟ್ರೋಲ್ ಬಂಕಿನ ಅಂಕಿನೂ ಹಂಗೇ ಆಗಬಹುದು. ಅಸಲಿ ಹೌದೋ ಅಲ್ಲೋ ಅಂತ ಗೊತ್ತಾಗೋದೂ ಹಂಗೇ: ಮೊಬೈಲ್ ಮುಂದ ಹಿಡಿದು ಗ್ಲಾಸನ್ನ ನಿಧಾನಕ್ಕ ತಿರುಗಿಸ್ರಿ.

ಕಪ್ಪಿನ ಮಟ್ಟಕ್ಕ 0ರಿಂದ 4ರ ತನಕ ದರ್ಜೆ ಐತಿ. ಕಾಲು ಕಡ್ಡಿ ಒಳಗಡೆ ಬರೆದಿರ್ತೈತಿ. 3 ಅಂದ್ರ ನೂರಕ್ಕ 8ರಿಂದ 18 ಪಾಲು ಬೆಳಕು ಒಳಗ ಬಿಡ್ತೈತಿ. ನಮ್ಮ ಬಿಸಿಲಿಗೆ ಅದು ಸಾಕು. 4 ಹಾಕ್ಕೊಂಡು ಗಾಡಿ ಓಡಿಸಬಾರದು, ನೆರಳಿನಾಗಿನ ದನ ಕಾಣಂಗಿಲ್ಲ. ಬಣ್ಣ ಬೂದು ಇಲ್ಲಾ ಕಂದು ತಗೋರಿ. ನೀಲಿ, ಗುಲಾಬಿ ಹಾಕ್ಕೊಂಡ್ರ ಸಿಗ್ನಲ್ ಬಣ್ಣ ಕೆಡ್ತೈತಿ. ಕೊನಿಗೆ, ಗ್ಲಾಸನ್ನ ಕೈ ಉದ್ದ ಮಾಡಿ ಹಿಡಿದು ಬಾಗಿಲ ಚೌಕಟ್ಟು ನೋಡ್ತಾ ಅಲುಗಾಡಿಸ್ರಿ. ನೆಟ್ಟಗಿನ ಗೆರಿ ಹಾವಿನಂಗ ಹೊಳ್ಳಿದ್ರ ಯುವಿ ಪಾಸ್ ಆಗಿದ್ರೂ ಬ್ಯಾಡ, ತಲಿನೋವು ಬರ್ತೈತಿ.

ಗವಿಮಠ_ತೇರು (ಕೊಪ್ಪಳ)
ನಮ್ಮ ಆರು ವರ್ಷದ ಮಗಳು ಜಾತ್ರ್ಯಾಗ ಹಠ ಮಾಡಿ ಗುಲಾಬಿ ಗ್ಲಾಸ್ ತಗೊಂಡಾಳ. ನಲವತ್ತು ರೂಪಾಯಿದು. ಬಿಸಿಲಾಗ ಅದನ್ನೇ ಹಾಕ್ಕೊಂಡು ಆಡ್ತಾಳ. ಇದನ್ನೆಲ್ಲಾ ಓದಿ ಈಗ ಅಂಜಿಕಿ ಆಗಾಕತೈತಿ.

ನೇತ್ರ_ಶಿಬಿರ (ಲಿಂಗಸುಗೂರು)
ಅಂಜೋದು ಬೇಡ ಅಕ್ಕಾ, ಮನೆ ಒಳಗಿನ ಆಟಕ್ಕೆ ಇಟ್ಟುಕೊಳ್ಳಲಿ. ಚಿಕ್ಕ ಮಕ್ಕಳ ಕಣ್ಣಿನ ಮಸೂರ ಬಹಳ ತಿಳಿ ಇರುತ್ತೆ, ದೊಡ್ಡವರಿಗಿಂತ ಜಾಸ್ತಿ ಯುವಿ ಒಳಗೆ ಬಿಡುತ್ತೆ. ಹೊರಗೆ ಹೋಗುವಾಗ ಅಗಲ ಅಂಚಿನ ಟೋಪಿ ಹಾಕಿ, ನೆರಳಲ್ಲಿ ಆಡಿಸಿ. ಗ್ಲಾಸ್ ಬೇಕೇ ಬೇಕು ಅಂದ್ರೆ ಒಡೆಯದ ಪಾಲಿಕಾರ್ಬೋನೇಟ್ ಲೆನ್ಸಿನದ್ದು ಕೊಡಿಸಿ.

ತೋರಣಗಲ್ಲು_ಶಿಫ್ಟ್ (ಬಳ್ಳಾರಿ)
ವೆಲ್ಡಿಂಗಿಗೆ ಇವೇ ನಡೀತಾವಾ? ನಮ್ಮ ಹುಡುಗ್ರು ಕೂಲಿಂಗ್ ಗ್ಲಾಸ್ ಹಾಕ್ಕೊಂಡೇ ಟಾಕಾ ಹೊಡೀತಾರೆ.

ನೇತ್ರ_ಶಿಬಿರ (ಲಿಂಗಸುಗೂರು)
ಖಂಡಿತಾ ಬೇಡ. ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ, ನೀರು ಬರೋದು ಅದರಿಂದಲೇ. ವೆಲ್ಡಿಂಗ್ ಗಾಜೇ ಬೇರೆ, ಅದಕ್ಕೆ ಶೇಡ್ ನಂಬರ್ ಇರುತ್ತೆ. ಒಂದು ಟಾಕಾ ಆದ್ರೂ ಅದನ್ನೇ ಹಿಡೀಬೇಕು. ಗ್ರಹಣ ನೋಡೋದಕ್ಕೂ ಕೂಲಿಂಗ್ ಗ್ಲಾಸ್ ಸಲ್ಲದು.

ನಾಟಿ_ಟೀಚರ್ (ಕಾರಟಗಿ)
ಇಲ್ಲಿ ತನಕ ಬೈಕು, ಕಾರು, ಕಾರ್ಖಾನಿ ಅಂತ ಗಂಡಸರ ಮಾತೇ ಆತು. ಎಡದಂಡೆ ಕಾಲುವೆ ನೀರು ಬಿಟ್ಟ ಮ್ಯಾಲೆ ಗದ್ದ್ಯಾಗ ಬಗ್ಗಿ ನಾಟಿ ಹಚ್ಚೋರು ಯಾರು? ನಮ್ಮವ್ವ ಮೂವತ್ತು ವರ್ಷದಿಂದ ಹಚ್ಯಾಳ. ಕೂಲಿಂಗ್ ಗ್ಲಾಸ್ ಹಾಕ್ಕೋ ಅಂದ್ರ, "ಊರಾಗ ತಲಿ ಎತ್ತಿ ತಿರುಗಲೋ ಬ್ಯಾಡೋ" ಅಂತಾಳ. ಆಳಿನ ಗುಂಪಿನ್ಯಾಗ ಒಬ್ಬಾಕಿ ಹಾಕ್ಕೊಂಡ್ರ "ಏನಬೇ ಹೀರೋಯಿನ್ನು" ಅಂತ ದಿನಪೂರ್ತಿ ಕಾಡಸ್ತಾರ.

ನಾನು ಮಾಡಿದ್ದು ಏನಂದ್ರ, ಹಾರ್ಡ್‌ವೇರ್ ಅಂಗಡ್ಯಾಗ ಗ್ರೈಂಡಿಂಗ್ ಮಾಡೋರು ಹಾಕ್ಕೊಳೋ ಬಿಳೀ ಸೇಫ್ಟಿ ಚಷ್ಮಾ ಸಿಗ್ತಾವಲ್ಲ, ಪಾಲಿಕಾರ್ಬೋನೇಟ್ ಅಂತ ಬರೆದಿದ್ದು ನೋಡಿ ತಂದುಕೊಟ್ಟೆ. ಎಂಬತ್ತು ರೂಪಾಯಿ. ತಿಳಿ ಗಾಜಿನಂಗ ಐತಿ, ಬದಿಗೂ ಮುಚ್ಚತೈತಿ. ನೋಡಿದವ್ರು "ನಂಬರಿನ ಚಷ್ಮಾ ಬಂತೇನಬೇ" ಅಂತ ಕೇಳ್ತಾರ, ಅಷ್ಟೇ. ಅವ್ವ ಹೂಂ ಅಂತಾಳ. ಈಗ ಇಬ್ಬರು ಅತ್ತಿಗೇರೂ ತರಿಸ್ಕೊಂಡಾರ. ಭತ್ತದ ಗರಿ ತುದಿ ಕಣ್ಣಿಗೆ ಚುಚ್ಚೋದೂ ತಪ್ಪೇತಿ. ಅಂಗಡಿಯವ್ರು ಹೇಳ್ರಿ, ಇದು ಕೆಲಸ ಮಾಡ್ತೈತೋ, ಇಲ್ಲಾ ನಾನು ಸುಮ್ನ ಸಮಾಧಾನ ಮಾಡ್ಕೊಂಡೀನೋ?

ಚಷ್ಮಾ_ಅಂಗಡಿ (ಗಂಗಾವತಿ)
ಟೀಚರಮ್ಮಾ, ನನ್ನ ವ್ಯಾಪಾರಕ್ಕ ಹೊಡ್ತ ಬಿದ್ರೂ ಹೇಳ್ತೀನಿ, ಇಡೀ ಚರ್ಚ್ಯಾಗ ಇದೇ ಭಾರೀ ಮಾತು. ಅಸಲಿ ಪಾಲಿಕಾರ್ಬೋನೇಟ್ ಆಗಿದ್ರ ಯುವಿ ಹೆಚ್ಚುಕಮ್ಮಿ ಪೂರ್ತಿ ನಿಲ್ತೈತಿ. ಬೆಳಕಿನ ಝಳ ಕಡಿಮಿ ಆಗಂಗಿಲ್ಲ, ಅದಕ್ಕ ಸೆರಗು ಮುಂದ ಎಳ್ಕೋಬೇಕು. ತಿಳಿ ಲೆನ್ಸ್ ಆದ್ದರಿಂದ ಗಲ್ಲಾ ಅಣ್ಣನ ನೋಟಿನ ಪರೀಕ್ಷೆನೂ ಇದಕ್ಕ ಸರಿಯಾಗಿ ಒಪ್ಪತೈತಿ, ಬಣ್ಣದ ಗೊಂದಲ ಇಲ್ಲ.

ಗಲ್ಲಾಪೆಟ್ಟಿಗೆ (ಸಿಂಧನೂರು)
ಈಗ ಬಾಜೂ ಹಾರ್ಡ್‌ವೇರ್ ಅಂಗಡಿಯಿಂದ ಒಂದು ತರಿಸಿ ನೋಡಿದೆ. ಗಾಜು ತಿಳಿ, ನೋಟು ಸಾಫ್ ಕಾಣ್ತದ, ನಂಬರ್ ಮಾತ್ರ ಹೊಳೀವಲ್ದು. ಮಜಾ ಬಂತು!

ನೇತ್ರ_ಶಿಬಿರ (ಲಿಂಗಸುಗೂರು)
ಗದ್ದೆ ನೀರು ಕಣ್ಣು ಕುಕ್ಕುತ್ತೆ ನಿಜ, ಆದ್ರೆ ನೀರು ವಾಪಸ್ ಎಸೆಯೋ ಯುವಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಒಣ ಮರಳು ಹದಿನೈದರಷ್ಟು ಎಸೆಯುತ್ತೆ. ನಾಟಿಯವರಿಗೆ ದೊಡ್ಡ ಲೆಕ್ಕ ಅಂದ್ರೆ ದಿನಕ್ಕೆ ಎಂಟು ತಾಸು, ವರ್ಷಗಟ್ಟಲೆ ಬಯಲಲ್ಲಿರೋದು. ಮೋಡ ಇದ್ದ ದಿನ ಕೂಡ. ತೆಳು ಮೋಡ ಯುವಿಯನ್ನ ಹೆಚ್ಚೇನೂ ತಡೆಯಲ್ಲ.

ಕೋಟೆ_ಕೆಳಗಿನವ (ಬಳ್ಳಾರಿ)
ನಮ್ಮತ್ತೆಗೆ ಪೊರೆ ಆಪರೇಷನ್ ಆದಾಗ ಒಂದು ಕರಿ ಪ್ಲಾಸ್ಟಿಕ್ ಗ್ಲಾಸ್ ಕೊಟ್ಟಿದ್ರು. ಎರಡು ವರ್ಷ ಆತು, ಇನ್ನೂ ಮನ್ಯಾಗೂ ಅದನ್ನೇ ಹಾಕ್ಕೊಂಡು ಟಿವಿ ನೋಡ್ತಾಳೆ.

ನೇತ್ರ_ಶಿಬಿರ (ಲಿಂಗಸುಗೂರು)
ಅದು ಮೊದಮೊದಲ ದಿನಗಳಿಗೆ, ಧೂಳು ಬೀಳದಿರಲಿ, ಕೈ ತಾಗದಿರಲಿ, ಝಳ ಹೊಡೆಯದಿರಲಿ ಅಂತ ಕೊಡೋದು. ಈಗ ಒಳಗೆ ಕೂರಿಸೋ ಲೆನ್ಸ್‌ಗಳಲ್ಲಿ ಹೆಚ್ಚಿನವು ತಾವೇ ಯುವಿ ತಡೆಯುತ್ತವೆ. ಅತ್ತೆಯವರಿಗೆ ಮನೆಯಲ್ಲಿ ತೆಗೆಯೋಕೆ ಹೇಳಿ, ಎಡವಿ ಬಿದ್ದಾರು. ಹೊರಗೆ ಹೋಗುವಾಗ ಸರಿಯಾದದ್ದು ಒಂದು ಹಾಕ್ಕೊಳ್ಳಲಿ.

ದೋಆಬ್_ಸವಾರ (ರಾಯಚೂರು)
ಎಲ್ಲರಿಗೂ ಧನ್ಯವಾದ. ನನ್ನ ಹತ್ರ ಹಳೇದೊಂದು ಕರಿ ಗ್ಲಾಸ್ ಇತ್ತು. ಅಂಗಡ್ಯಾಗ ಮೀಟರ್ ಮ್ಯಾಲ ಇಡ್ಸಿದ್ರ ನಲವತ್ತರ ಮ್ಯಾಲ ಅಂಕಿ ಬಂತು. ಅಂಗಡಿಯವ್ರೇ ನಕ್ಕರು. ಪೋಲರೈಸ್ಡ್ ಬಿಟ್ಟೆ. ದಿನಾ ಮೊಬೈಲ್‌ನಾಗ ರೈತರ ಹೊಲದ ಫೋಟೋ ನೋಡೋದು ಇರ್ತದ. ಪಾಲಿಕಾರ್ಬೋನೇಟ್, ಬೂದು ಬಣ್ಣ, 3ನೇ ದರ್ಜೆ, ಬದಿಗೆ ಸುತ್ತಿಕೊಂಡಿದ್ದು 650ಕ್ಕ ಸಿಕ್ತು. ಮೀಟರ್ ಸೊನ್ನೆ ತೋರಿಸ್ತು.
ಒಂದೇ ತಕರಾರು. ಧೂಳಿಗೆ ಮುಖಕ್ಕ ಟವೆಲ್ ಕಟ್ಟಿದ್ರ ಉಸಿರು ಮ್ಯಾಲ ಬಂದು ಗ್ಲಾಸ್ ಪೂರಾ ಮಂಜು ಆಗ್ತದ. ಅದಕ್ಕೇನು ಮಾಡ್ಲಿ?

ಚಷ್ಮಾ_ಅಂಗಡಿ (ಗಂಗಾವತಿ)
ಟವೆಲ್ ಮ್ಯಾಲಿನ ಅಂಚನ್ನ ಮೂಗಿನ ಮ್ಯಾಲೆ ಬಿಗಿ ಮಾಡಿ, ಚಷ್ಮಾದ ಮೂಗಿನ ದಿಂಡು ಅದರ ಮ್ಯಾಲೆ ಕೂರಂಗ ಹಾಕ್ರಿ. ಉಸಿರು ಕೆಳಗ ಹೋಗ್ತೈತಿ. ಗಾಡಿ ನಿಲ್ಲಿಸಿದಾಗ ಗ್ಲಾಸನ್ನ ಪೆಟ್ರೋಲ್ ಟ್ಯಾಂಕ್ ಮ್ಯಾಲೆ ಇಡಬ್ಯಾಡ್ರಿ, ಕಾವಿಗೆ ಕೋಟಿಂಗ್ ಸೀಳ್ತೈತಿ.

ಕೋಟೆ_ಕೆಳಗಿನವ (ಬಳ್ಳಾರಿ)
650ರದ್ದು ಯಾವ ಅಂಗಡಿ ಅಣ್ಣಾ? ಇಲ್ಲಿ ಹಾಕಬ್ಯಾಡ, ಮೆಸೇಜ್ ಮಾಡು. ನಂದೂ ಮೀಟರ್ ಮ್ಯಾಲೆ ಇಡ್ಸಬೇಕು.